ಬ್ಯಾನಿಯಿಂದ ಎದ್ದ ಕುರಿ

ಹೋದ ತಿಂಗಳು ಸಂಡೂರಿನಿಂದ ಹೊಸಪೇಟೆಗೆ ವಾಪಸಾಗುವ ಬಸ್ಸಿನಲ್ಲಿ ಕುರಿ ಕಾಯುವ ಮುದುಕರೊಬ್ಬರು ಬಂದು ನನ್ನ ಪಕ್ಕದಲ್ಲಿ ಕುಳಿತರು. ಹೊರಗೆ ಜಿಟಿಜಿಟಿ ಮಳೆ. ಅವರ ಕಂಬಳಿ ತೊಯ್ದು ಭಾರವಾಗಿತ್ತು. ಕಿಟಕಿಗಳೆಲ್ಲ ಮುಚ್ಚಿದ್ದರಿಂದ ತೊಯ್ದ ಉಣ್ಣೆಯ ವಾಸನೆ ಬಸ್ಸಿನ ತುಂಬ ಹರಡಿತು. ಹಿಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿ ವೇಲಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಅಸಹ್ಯವೇನೂ ಆಗಲಿಲ್ಲ. ಆದರೆ ಆ ವಾಸನೆಯ ಜೊತೆ ಫಿನಾಯಿಲಿನ ವಾಸನೆಯೂ ಇರಬೇಕಿತ್ತಲ್ಲ ಎಂದು ಅನಿಸಿತು. ಅವೆರಡನ್ನೂ ನಾನು ಒಟ್ಟಿಗೆ ಉಸಿರಾಡಿದ್ದು ಒಂದೇ ಒಂದು ಮಳೆಗಾಲದಲ್ಲಿ, ಚೋರನೂರಿನ ಕಡೆಗೆ ಹೋಗುವ ದಾರಿಯ ಒಂದು ಶೆಡ್ಡಿನಲ್ಲಿ.

ಆಗ ನಾನು ಹೊಸಪೇಟೆಯಲ್ಲಿ ಒಂದು ದಿನಪತ್ರಿಕೆಯ ಉಪಸಂಪಾದಕನಾಗಿದ್ದೆ. ಶೆಡ್ಡಿಗೆ ಹೋಗುತ್ತಿದ್ದದ್ದು ಪತ್ರಿಕೆಯ ಕೆಲಸಕ್ಕಲ್ಲ. ಪ್ರಾಣಿಗಳ ಮೇಲೆ ಲಸಿಕೆಯನ್ನೋ ಔಷಧವನ್ನೋ ಪರೀಕ್ಷಿಸುವ ಸಂಸ್ಥೆಗಳು ಒಂದು ನೀತಿ ಸಮಿತಿಯನ್ನು ಇಟ್ಟುಕೊಳ್ಳಬೇಕು. ಆ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಂಸ್ಥೆಗೂ ಸೇರದ ಒಬ್ಬ ಹೊರಗಿನವರು ಇರಬೇಕೆಂಬುದು ನಿಯಮ. ಕುರಿಗಳಿಗೆ ಲಸಿಕೆ ತಯಾರಿಸುತ್ತಿದ್ದ ಒಂದು ಸಂಸ್ಥೆ ಅಂಥ ಒಬ್ಬರನ್ನು ಹುಡುಕುತ್ತಿತ್ತು. ಅಲ್ಲಿನ ಪಶುವೈದ್ಯ ವಿರೂಪಾಕ್ಷ ನನ್ನ ಪರಿಚಯದವನು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಲಿಂಗಾಯತ ಮನೆತನದ ಹುಡುಗ, ನನಗಿಂತ ಚಿಕ್ಕವನು. ನಾನು ಒಪ್ಪಿಕೊಂಡೆ. ನೋಡುವುದು, ಕೇಳುವುದು, ನೋಡಿದ್ದನ್ನು ಕೇಳಿದ್ದನ್ನು ಸಮಿತಿಯ ಮುಂದಿಡುವುದು, ಇಷ್ಟೇ ನನ್ನ ಕೆಲಸ. ಪತ್ರಿಕೆಯಲ್ಲಿ ಮಾಡುತ್ತಿದ್ದದ್ದೂ ಅದನ್ನೇ.

ಮಳೆಗಾಲ ಮುಗಿಯುತ್ತ ಬಂದಂತೆ ನಮ್ಮ ಭಾಗದ ಕುರಿಗಳಿಗೆ ನೀಲಿ ನಾಲಗೆ ರೋಗ ಬರುತ್ತದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿ ಕಚ್ಚಿ ಹರಡುವ ವೈರಸ್ ಅದು. ಮೊದಲು ಜ್ವರ. ಆಮೇಲೆ ಮೂತಿ ಬಾಯುತ್ತದೆ, ಬಾಯಲ್ಲಿ ಹುಣ್ಣಾಗಿ ನೊರೆ ಸುರಿಯುತ್ತದೆ, ಗೊರಸಿನ ಮೇಲೆ ಕೆಂಪು ಪಟ್ಟಿ ಮೂಡಿ ಕುರಿ ಕಾಲೂರಲಾರದೆ ಮಲಗಿಬಿಡುತ್ತದೆ. ಕೆಲವಕ್ಕೆ ಮಾತ್ರ ನಾಲಗೆ ನೀಲಿಯಾಗುತ್ತದೆ. ಚೋರನೂರಿನ ಸುತ್ತಲಿನ ಹಟ್ಟಿಗಳಲ್ಲಿ ಇದನ್ನು ಬಾಯಿ ಬ್ಯಾನಿ ಎನ್ನುತ್ತಿದ್ದರು. ಆ ವೈರಸ್ಸನ್ನೇ ರಾಸಾಯನಿಕ ಹಾಕಿ ಕೊಂದು, ಎಣ್ಣೆಯಂಥ ಒಂದು ದ್ರವದಲ್ಲಿ ಬೆರೆಸಿ ಮಾಡಿದ ಲಸಿಕೆ ಶೆಡ್ಡಿಗೆ ಬಂದಿತ್ತು. ಅದು ಹಟ್ಟಿಗಳಿಗೆ ಹೋಗುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕಿತ್ತು. ಒಳಗಿರುವ ವೈರಸ್ ನಿಜವಾಗಿ ಸತ್ತಿದೆಯೆ? ಸತ್ತ ವೈರಸ್ ಕುರಿಯನ್ನು ನಿಜವಾಗಿ ಕಾಯುತ್ತದೆಯೆ?

ಶೆಡ್ಡು ಅದಿರಿನ ಲಾರಿಗಳು ಓಡಾಡುವ ರಸ್ತೆಯಿಂದ ಸ್ವಲ್ಪ ಒಳಗಿತ್ತು. ನುಸಿ ನುಗ್ಗದಂತೆ ಸುತ್ತಲೂ ಸಣ್ಣ ಕಣ್ಣಿನ ಬಲೆ, ಎರಡೆರಡು ಬಾಗಿಲು. ಬೇಸಿಗೆಯಲ್ಲಿ ಕೂತ ಕೆಂಪು ಧೂಳು ಮಳೆಗೆ ಕರಗಿ ಬಲೆಯ ಮೇಲಿಂದ ಇಳಿಯುತ್ತಿತ್ತು. ಒಳಗೆ ಹೋಗುವವರು ಬಟ್ಟೆ ಬದಲಿಸಿ, ಫಿನಾಯಿಲ್ ಬೆರೆಸಿದ ಔಷಧದ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿ ಹೋಗಬೇಕು. ಎರಡು ಅಂಕಣ. ಒಂದರಲ್ಲಿ ಲಸಿಕೆ ಹಾಕಿಸಿಕೊಂಡ ಕುರಿಗಳು, ಇನ್ನೊಂದರಲ್ಲಿ ವೈರಸ್ ಇಲ್ಲದ ಬರೀ ಎಣ್ಣೆಯ ಸೂಜಿ ಹಾಕಿಸಿಕೊಂಡವು. ಎರಡೂ ಕಡೆ ಕಪ್ಪು ಮೂತಿಯ ಬಳ್ಳಾರಿ ಕುರಿಗಳೇ. ಬಾಯಿ ಬ್ಯಾನಿ ಯಾವತ್ತೂ ಬಾರದ ಹಿಂಡುಗಳಿಂದ, ರಕ್ತ ಪರೀಕ್ಷೆ ಮಾಡಿ ಆರಿಸಿ ತಂದವು.

ಅವಕ್ಕೆ ಮೇವು ನೀರು ನೋಡಿಕೊಳ್ಳಲು ಹುಲಿಗೆಮ್ಮ ಎಂಬ ಹೆಂಗಸನ್ನು ಇಟ್ಟುಕೊಂಡಿದ್ದರು. ಹತ್ತಿರದ ಕುರುಬರ ಹಟ್ಟಿಯವಳು, ನಲವತ್ತರ ಆಸುಪಾಸು. ಹಿಂದಿನ ಮಳೆಗಾಲದಲ್ಲಿ ಅವಳ ಸ್ವಂತ ಹಿಂಡಿಗೆ ಬಾಯಿ ಬ್ಯಾನಿ ಬಂದು, ಬಿದ್ದ ಕುರಿಗಳಲ್ಲಿ ಒಂದೂ ಏಳಲಿಲ್ಲ. ಬೀಳದೆ ನಿಂತಿದ್ದ ನಾಲ್ಕಾರನ್ನು ಗಂಡ ಹೆದರಿ ಸಂತೆಗೆ ಹೊಡೆದುಕೊಂಡು ಹೋದ. ಆಮೇಲೆ ಅವನು ಯಶವಂತನಗರಕ್ಕೆ ಹೋಗಿ ಗಣಿ ಕಂಪನಿಯ ಲೋಡಿಂಗ್ ಕೆಲಸಕ್ಕೆ ಸೇರಿದ. ಇವಳು ಹಟ್ಟಿಯಲ್ಲೇ ಉಳಿದಳು. ಕುರಿ ಬಿಟ್ಟು ಬೇರೆ ಕೆಲಸ ತನಗೆ ಗೊತ್ತಿಲ್ಲ ಎಂದು ಹೇಳುತ್ತಿದ್ದಳು. ದೂರೇನೂ ಇರಲಿಲ್ಲ ಆ ಮಾತಿನಲ್ಲಿ.

ಮೊದಲ ದಿನವೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಪೇಪರಿನವರು ಫೋಟೋ ತೆಗೆಯುತ್ತೀರಾ ಎಂದು ಕೇಳಿದಳು. ಇಲ್ಲ ಎಂದೆ. ತೆಗೆಯುವುದಾದರೆ ಕುರಿಗಳದ್ದೇ ತೆಗೆಯಿರಿ, ಈ ಶೆಡ್ಡಿನಲ್ಲಿ ಚೆಂದ ಇರುವುದು ಅವು ಮಾತ್ರ ಎಂದಳು. ಜೊತೆಗಿದ್ದ ವಿರೂಪಾಕ್ಷನೂ ನಕ್ಕ. ಸತ್ತ ವೈರಸ್ ರೋಗ ತರುವುದಿಲ್ಲ, ಆದರೆ ಕುರಿಯ ಮೈ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಜೀವ ಇರುವ ವೈರಸ್ ಬಂದ ದಿನ ಹೊಡೆದು ಹಾಕುತ್ತದೆ ಎಂದು ಅವನು ಅವಳಿಗೆ ತಿಳಿಸಿ ಹೇಳುತ್ತಿದ್ದ.

"ಅದು ಸತ್ತೈತಿ ಅಂತ ನಿಮಗ ಹೆಂಗ ಗೊತ್ರಿ?" ಎಂದಳು ಹುಲಿಗೆಮ್ಮ.

"ಅದನ್ನ ತಿಳ್ಕಳಾಕ ಈ ಕುರಿ ತಂದೀವಿ, ಅಕ್ಕ."

"ಹಂಗಾದ್ರ ನಿಮಗೂ ಗೊತ್ತಿಲ್ಲ ಅನ್ರಿ."

"ಇವತ್ತಿಗೆ ಇಲ್ಲ" ಎಂದು ವಿರೂಪಾಕ್ಷ ಒಪ್ಪಿಕೊಂಡ.

ಮೊದಲ ಪ್ರಶ್ನೆಗೆ ಬೇಗ ಉತ್ತರ ಸಿಕ್ಕಿತು. ಲಸಿಕೆ ಹಾಕಿಸಿಕೊಂಡ ಕುರಿಗಳು ಸೂಜಿ ಚುಚ್ಚಿದ ಜಾಗದಲ್ಲಿ ಒಂದು ಗಂಟು ಎದ್ದದ್ದು ಬಿಟ್ಟರೆ ಹುಷಾರಾಗಿ ಮೇಯ್ದವು. ಎರಡನೆಯ ಸೂಜಿಯೂ ಆಯಿತು. ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಎರಡೂ ಅಂಕಣದ ಕುರಿಗಳಿಗೆ ಜೀವಂತ ವೈರಸ್ ಕೊಡಬೇಕು. ಸಮಿತಿ ಸೇರಿದ್ದು ಹಂಪಿ ರಸ್ತೆಯ ಒಂದು ಹೋಟೆಲಿನ ಕೋಣೆಯಲ್ಲಿ. ಕೆಳಗೆ ಪ್ರವಾಸಿಗಳು ಆಟೋದವರ ಜೊತೆ ಚೌಕಾಸಿ ಮಾಡುತ್ತಿದ್ದರು. ಲಸಿಕೆ ಇಲ್ಲದ ಕುರಿಗಳು ಎಷ್ಟು ನರಳುವ ತನಕ ಬಿಡುತ್ತೀರಿ ಎಂದು ನಾನು ಕೇಳಿದೆ. ಅಧ್ಯಕ್ಷೆಯಾಗಿದ್ದ ನಿವೃತ್ತ ಪ್ರಾಧ್ಯಾಪಕಿ, ನೀವೇ ಒಂದು ಅಳತೆ ಹೇಳಿ ಎಂದರು. ನನಗೆ ಗೊತ್ತಿರಲಿಲ್ಲ. ಹುಲಿಗೆಮ್ಮನನ್ನು ಕೇಳಿದ್ದೆ. ನೀರಿನ ತನಕ ಹೋಗಲಾರದ ಕುರಿ ಉಳಿಯುವುದಿಲ್ಲ ಎಂದಿದ್ದಳು. ಸಂಜೆಯ ಹೊತ್ತಿಗೆ ನೀರಿನ ತೊಟ್ಟಿಗೆ ತಾನಾಗಿ ಹೋಗಲಾರದ ಕುರಿಯನ್ನು ಮರುದಿನಕ್ಕೆ ಉಳಿಸಬಾರದು, ಸೂಜಿ ಕೊಟ್ಟು ನೋವಿಲ್ಲದೆ ಮುಗಿಸಬೇಕು ಎಂದು ತೀರ್ಮಾನವಾಯಿತು. ಪರೀಕ್ಷೆ ಮುಗಿದ ಮೇಲೆ ಉಳಿದ ಕುರಿಗಳನ್ನೂ, ಆರೋಗ್ಯವಾಗಿದ್ದವನ್ನೂ, ಕೊಂದು ಗುಲ್ಮ, ಶ್ವಾಸಕೋಶಗಳನ್ನು ತೆಗೆದು ನೋಡಬೇಕೆಂಬುದು ಯೋಜನೆಯಲ್ಲಿ ಮೊದಲಿಂದಲೂ ಇತ್ತು. ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆ ಮಾತನ್ನು ಹುಲಿಗೆಮ್ಮನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಕೆಲಸಕ್ಕೆ ಕರೆಯುವಾಗ ವಿರೂಪಾಕ್ಷ, ಕೆಲವಕ್ಕೆ ಬ್ಯಾನಿ ಬರುತ್ತದೆ ಎಂದಷ್ಟೇ ಹೇಳಿದ್ದ. ಬ್ಯಾನಿಗೆ ಸಾಯದವು ಬಂದ ಹಿಂಡಿಗೆ ವಾಪಸು ಹೋಗುತ್ತವೆ ಎಂದು ಅವಳು ತಿಳಿದಿದ್ದಳು.

ಜೀವಂತ ವೈರಸ್ ಕೊಟ್ಟ ವಾರ ಮಳೆ ಬಿಡಲೇ ಇಲ್ಲ. ಸಂಡೂರಿನ ಗುಡ್ಡಗಳು ಮೋಡದೊಳಗೆ ಕರಗಿದವು, ಹಳ್ಳಗಳು ಕೆಂಪಗೆ ಹರಿದವು. ಲಸಿಕೆಯಾದ ಕುರಿಗಳಿಗೆ ಒಂದೆರಡು ದಿನ ಮೈ ಬೆಚ್ಚಗಾಯಿತು, ಮತ್ತೆ ಮೇವಿಗೆ ಬಾಯಿ ಹಾಕಿದವು. ಲಸಿಕೆಯಿಲ್ಲದವು ಒಂದಾದ ಮೇಲೊಂದು ತಲೆ ಜೋಲು ಹಾಕಿದವು. ಮೂತಿ ಬಾತು ಕಣ್ಣು ಮುಚ್ಚಿತು. ನೊರೆ ಸೋರಿ ಎದೆಯ ಉಣ್ಣೆ ಅಂಟಿಕೊಂಡಿತು. ಹುಲಿಗೆಮ್ಮ ಅವುಗಳ ಹತ್ತಿರ ಕುಳಿತು ಏನೂ ಮಾಡುವಂತಿರಲಿಲ್ಲ. ಮದ್ದು, ಗಂಜಿ, ಬೆಲ್ಲದ ನೀರು, ಯಾವುದನ್ನೂ ಕೊಡುವಂತಿಲ್ಲ. ತನ್ನ ಹಿಂಡಿಗೆ ಬ್ಯಾನಿ ಬಂದಾಗ ಎಲ್ಲ ಮಾಡಿದ್ದಳಂತೆ, ಯಾವುದೂ ಹತ್ತಲಿಲ್ಲವಂತೆ. ಈ ಸಲ ಏನೂ ಮಾಡದೆ ನೋಡುವುದೇ ಸುಲಭ ಎಂದಳು. ಸುಲಭವಾಗಿದ್ದ ಹಾಗೆ ನನಗೆ ಕಾಣಲಿಲ್ಲ.

ಸಂಜೆಗೊಂದು, ಕೆಲವು ಸಂಜೆ ಎರಡು, ನೀರಿಗೆ ಹೋಗಲಾರದ ಕುರಿಗಳನ್ನು ವಿರೂಪಾಕ್ಷ ಸೂಜಿ ಕೊಟ್ಟು ಮುಗಿಸುತ್ತಿದ್ದ. ಆಮೇಲೆ ಪಕ್ಕದ ಕೋಣೆಯಲ್ಲಿ ಕೊಯ್ದು ನೋಡುತ್ತಿದ್ದ. ಅವನ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಒಂದು ದಿನ ಅವನು ಕೈ ತೊಳೆದುಕೊಂಡು ಹೊರಗೆ ಬಂದಾಗ ಹುಲಿಗೆಮ್ಮ ಹೇಳಿದಳು: "ಲಿಂಗ ಕಟ್ಟಿದೋರು ಕುರಿ ಕೊಯ್ಯಾಕತ್ತೀರಿ, ಕುರಿ ತಿನ್ನೋ ನಾವು ನೋಡ್ಕೋತ ಕುಂತೀವಿ. ಕಾಲ ಹಿಂಗ ಬಂತು ನೋಡ್ರಿ." ಅವನ ಕೈ ತಾನಾಗಿ ಕೊರಳ ಹತ್ತಿರ ಹೋಯಿತು.

ಲಸಿಕೆಯಿಲ್ಲದ ಅಂಕಣದಲ್ಲಿ ಕೊನೆಗೆ ಉಳಿದದ್ದು ಒಂದು ಹೆಣ್ಣು ಕುರಿ. ಅವತ್ತಿನ ಸಂಜೆ ನಾನು ಅಲ್ಲೇ ಇದ್ದೆ. ಅದು ಬೆಳಗಿನಿಂದ ಮಲಗಿಯೇ ಇತ್ತು. ವಿರೂಪಾಕ್ಷ ಸಿರಿಂಜು ತುಂಬಿಸಿಕೊಂಡು ಬಂದ. ಹುಲಿಗೆಮ್ಮ ಗೋಡೆಗೆ ಒರಗಿ ನಿಂತಿದ್ದಳು, ಕರೆಯಲಿಲ್ಲ, ಸದ್ದು ಮಾಡಲಿಲ್ಲ. ಕುರಿ ಮುಂಗಾಲಿನ ಮೊಣಕಾಲೂರಿ, ಹಿಂಭಾಗ ಎತ್ತಿತು. ಮುಂಗಾಲಿನ ಗೊರಸು ನೆಲಕ್ಕೆ ತಾಗಿಸದೆ, ಮೊಣಕಾಲ ಮೇಲೆಯೇ ತೆವಳಿಕೊಂಡು ತೊಟ್ಟಿಯ ತನಕ ಹೋಯಿತು. ಬಾತ ಬಾಯಿಯನ್ನು ನೀರಿಗಿಟ್ಟು ಬಹಳ ಹೊತ್ತು ಕುಡಿಯಿತು. ಕುಡಿದದ್ದಕ್ಕಿಂತ ಚೆಲ್ಲಿದ್ದು ಹೆಚ್ಚು. ನಿಯಮದ ಪ್ರಕಾರ ಅದು ನೀರಿಗೆ ಹೋಗಿತ್ತು. ವಿರೂಪಾಕ್ಷ ಸಿರಿಂಜನ್ನು ತಟ್ಟೆಯಲ್ಲಿ ವಾಪಸಿಟ್ಟ. ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು. ಅಳುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ತಿಳಿಯಿತು, ಅವಳು ಹೋದದ್ದು ದೇವರಿಗೆ ಕೈ ಮುಗಿಯಲು.

ಮುಂದಿನ ಸಲ ನಾನು ಹೋದಾಗ ಆ ಕುರಿ ನಿಂತಿತ್ತು. ಮೈಯ ಉಣ್ಣೆ ಹಿಡಿಹಿಡಿಯಾಗಿ ಉದುರಿ, ಅಲ್ಲಲ್ಲಿ ಚರ್ಮ ಕಾಣುತ್ತಿತ್ತು. ಈ ರೋಗದಿಂದ ಚೇತರಿಸಿಕೊಂಡ ಕುರಿಗೆ ಹಾಗೆ ಆಗುತ್ತದಂತೆ. ಹಣೆಗೆ ಅರಿಶಿನ ಬಳಿದಿತ್ತು. ಕೊರಳಲ್ಲಿ ಉಣ್ಣೆಯ ದಾರ. ಉದುರಿದ ಅದರದೇ ಉಣ್ಣೆಯನ್ನು ಹುಲಿಗೆಮ್ಮ ಕೈಯಲ್ಲಿ ಹೊಸೆದು ಕಟ್ಟಿದ ಕಂಕಣ ಅದು. ವಿರೂಪಾಕ್ಷ ನನ್ನನ್ನು ಒಂದು ಬದಿಗೆ ಕರೆದು, ಅವಳಿಗೆ ಏನು ಹೇಳಲಿ ಎಂದು ಕೇಳಿದ.

ಹುಲಿಗೆಮ್ಮ ತಾನೇ ಎಲ್ಲವನ್ನೂ ಹೇಳಿದಳು. ಹಿಂದಿನ ವರ್ಷ ಹಿಂಡು ಬೀಳುತ್ತಿದ್ದಾಗ ಅವಳು ಬೀರಪ್ಪನಿಗೆ ಹರಕೆ ಹೊತ್ತಿದ್ದಳು: ಬಾಯಿ ಬ್ಯಾನಿಗೆ ಬಿದ್ದ ಕುರಿ ಒಂದಾದರೂ ಎದ್ದರೆ ಅದನ್ನು ನಿನಗೆ ಬಿಡುತ್ತೇನೆ. ದೇವರಿಗೆ ಬಿಟ್ಟ ಕುರಿಗೆ ಕತ್ತಿ ತಾಗಿಸುವಂತಿಲ್ಲ. ಅದನ್ನು ಯಾರೂ ಕಟ್ಟಿಹಾಕುವುದಿಲ್ಲ, ಯಾರ ಹಿಂಡಿನಲ್ಲಿ ಬೇಕಾದರೂ ಮೇಯುತ್ತದೆ, ಯಾರ ರೊಪ್ಪದಲ್ಲಿ ಬೇಕಾದರೂ ಮಲಗುತ್ತದೆ. ಹರಕೆ ಹೊತ್ತವರು ಅದನ್ನು ತೀರಿಸುವ ತನಕ ತಮ್ಮ ರೊಪ್ಪಕ್ಕೆ ಹೊಸ ಕುರಿ ತರುವುದಿಲ್ಲ. ಪಾಪಿನಾಯಕನಹಳ್ಳಿಯಲ್ಲಿದ್ದ ಅವಳ ಅಣ್ಣ ಕೆಲವು ಹೆಣ್ಣು ಮರಿಗಳನ್ನು ಅವಳಿಗೆಂದೇ ಸಾಕಿ ಇಟ್ಟಿದ್ದ. ತಂದು ಬಿಡಲೇ ಎಂದು ಕೇಳುತ್ತಲೇ ಇದ್ದ. ಹರಕೆ ತೀರಿದರೆ ಮರಿಗಳು ಬರುತ್ತವೆ, ಮರಿ ಬಂದರೆ ಹಿಂಡಾಗುತ್ತದೆ, ಗಂಡ ಧೂಳಿನ ಕೆಲಸ ಬಿಟ್ಟು ಮನೆಗೆ ಬರುತ್ತಾನೆ. ಅವಳ ಲೆಕ್ಕ ಇದು.

ನಿನ್ನ ಕುರಿಗಳಲ್ಲಿ ಯಾವುದೂ ಏಳಲಿಲ್ಲವಲ್ಲ, ಹರಕೆ ಅಲ್ಲಿಗೆ ಮುಗಿಯಿತಲ್ಲವೆ ಎಂದು ವಿರೂಪಾಕ್ಷ ಕೇಳಿದ.

"ಯಾರ ಕುರಿ ಅಂತ ನಾನು ಹೇಳಿಲ್ರಿ. ಯಾವಾಗ ಅಂತನೂ ಹೇಳಿಲ್ಲ. ಬ್ಯಾನಿಗೆ ಬಿದ್ದು ಎದ್ದ ಕುರಿ ಅಂದೀನಿ. ನನ್ನ ಕಣ್ಣಾರೆ ನೋಡಿದ್ದು ಇದೊಂದ ನೋಡ್ರಿ."

ಆಗ ಅವನು ಹೇಳಲೇಬೇಕಾಯಿತು. ಶೆಡ್ಡಿನಿಂದ ಯಾವ ಕುರಿಯೂ ಜೀವಂತ ಹೊರಗೆ ಹೋಗುವುದಿಲ್ಲ ಎಂದ. ಎದ್ದ ಕುರಿಯ ರಕ್ತದಲ್ಲಿ ವೈರಸ್ ಇನ್ನೂ ಇರಬಹುದು, ನುಸಿ ಅದನ್ನು ಕಚ್ಚಿ ಇನ್ನೊಂದನ್ನು ಕಚ್ಚಿದರೆ ಊರಿನ ಹಿಂಡುಗಳಿಗೆ ಹಬ್ಬುತ್ತದೆ ಎಂದ. ಲಸಿಕೆಯಿಲ್ಲದೆ ಬದುಕಿದ ಈ ಕುರಿಯ ಮೈಯಲ್ಲಿ ವೈರಸ್ ಎಲ್ಲಿ ಅಡಗಿದೆ ಎಂಬುದು ಎಲ್ಲಕ್ಕಿಂತ ಮುಖ್ಯವಾಗಿ ಗೊತ್ತಾಗಬೇಕಿದೆ ಎಂದೂ ಹೇಳಿದ. ಹುಲಿಗೆಮ್ಮ ಕೇಳಿಸಿಕೊಂಡಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ನನ್ನ ಕಡೆ ತಿರುಗಿ, ನೀವು ಹೊರಗಿನವರು, ನೀವು ಹೇಳಿದರೆ ನಡೆಯುತ್ತದಾ ಎಂದಳು. ನಡೆಯುತ್ತದೆ ಎಂದು ಹೇಳಲಾರೆ, ಆದರೆ ನೀನು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳುತ್ತೇನೆ ಎಂದೆ.

ಹೇಳಿದೆ. ಸಮಿತಿಯಲ್ಲಿ ಯಾರೂ ನಗಲಿಲ್ಲ. ಪರೀಕ್ಷೆ ಮುಗಿದ ಪ್ರಾಣಿಯನ್ನು ಸಾಕಲು ಕೊಡುವುದಕ್ಕೆ ನಿಯಮದಲ್ಲಿ ಅವಕಾಶ ಇಲ್ಲದೇ ಇಲ್ಲ, ಆದರೆ ಅದರಿಂದ ಬೇರೆ ಪ್ರಾಣಿಗಳಿಗೆ ಅಪಾಯ ಇರಬಾರದು ಎಂದು ಅಧ್ಯಕ್ಷೆ ಹೇಳಿದರು. ರಕ್ತ ಪರೀಕ್ಷೆ ಮಾಡಿಸಿ, ಸ್ವಚ್ಛವಾಗಿದ್ದರೆ ಮತ್ತೆ ಮಾತಾಡೋಣ ಎಂದಾಯಿತು. ಆ ದಿನಗಳಲ್ಲಿ ಹುಲಿಗೆಮ್ಮ ನಾನು ಬಂದ ಕೂಡಲೇ ನನ್ನ ಮುಖ ನೋಡುತ್ತಿದ್ದಳು, ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಕುರಿ ಅವಳ ಹಿಂದೆಯೇ ಸುತ್ತುತ್ತಿತ್ತು. ಮೇವಿನ ಬುಟ್ಟಿಗೆ ತಲೆ ಹಾಕಿದರೆ, ದೇವರಾದ ಕೂಡಲೇ ಸೊಕ್ಕು ಬಂತಾ ನಿನಗೆ ಎಂದು ಬೈಯುತ್ತಿದ್ದಳು. ರಕ್ತದಲ್ಲಿ ವೈರಸ್ಸಿನ ಕುರುಹು ಇನ್ನೂ ಇದೆ ಎಂದು ವರದಿ ಬಂತು. ಎರಡನೆಯ ಸಲವೂ ಹಾಗೆಯೇ ಬಂತು. ಈ ರೋಗದಲ್ಲಿ ಅದು ತಿಂಗಳುಗಟ್ಟಲೆ ಉಳಿಯುವುದುಂಟಂತೆ. ಅಷ್ಟು ಕಾಲ ಒಂದು ಕುರಿಗಾಗಿ ಶೆಡ್ಡು ತೆರೆದಿಡಲು ಸಂಸ್ಥೆ ತಯಾರಿರಲಿಲ್ಲ. ಹೊರಗೆ ನುಸಿಯ ಕಾಲ. ಕುರಿಯನ್ನು ಯೋಜನೆಯಂತೆ ಮುಗಿಸಬೇಕೆಂದು ಸಮಿತಿ ನಿರ್ಧರಿಸಿತು. ವರದಿಗಳನ್ನು ನೋಡಿದ ಮೇಲೆ ಬೇರೆ ಮಾತು ಹೇಳಲು ನನ್ನಲ್ಲೂ ಆಧಾರ ಇರಲಿಲ್ಲ.

ದೇವರ ಕುರಿಯನ್ನು ಕೊಯ್ಯುತ್ತಾರೆಂಬ ಸುದ್ದಿ ಹಟ್ಟಿಗೆ ಹೋಯಿತು. ಒಂದು ಬೆಳಗ್ಗೆ ಗಾದಿಲಿಂಗಪ್ಪ ಎಂಬ ಹಿರಿಯರು ನಾಲ್ಕು ಜನರನ್ನು ಕಟ್ಟಿಕೊಂಡು ಗೇಟಿಗೆ ಬಂದರು. ಅವರು ಬೀರಪ್ಪನ ಪೂಜಾರಿ. ಆ ಸುತ್ತಿನಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಅವರದು. ವಿರೂಪಾಕ್ಷ ಹೆದರಿ ನನಗೆ ಫೋನ್ ಮಾಡಿದ. ನಾನು ತಲುಪುವ ಹೊತ್ತಿಗೆ ಅವರೆಲ್ಲ ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕುಳಿತಿದ್ದರು. ಜಗಳದ ಲಕ್ಷಣ ಇರಲಿಲ್ಲ. ಗಾದಿಲಿಂಗಪ್ಪ ವಿರೂಪಾಕ್ಷನನ್ನು ಸಮಾಧಾನದಿಂದ ಪ್ರಶ್ನೆ ಕೇಳುತ್ತಿದ್ದರು. ಆ ಕುರಿಯ ರಕ್ತದಲ್ಲಿ ಬ್ಯಾನಿ ಇದೆಯಾ? ಇದೆ. ಹೊರಗೆ ಬಿಟ್ಟರೆ ಬೇರೆ ಕುರಿಗೆ ತಗಲುತ್ತದಾ? ತಗಲಬಹುದು. ತಗಲದೆಯೂ ಇರಬಹುದಾ? ಇರಬಹುದು, ಆದರೆ ಹೇಳಲಾರೆ. ದೇವರಿಗೆ ಬಿಟ್ಟ ಕುರಿ ಎಲ್ಲರ ರೊಪ್ಪಕ್ಕೂ ಹೋಗುತ್ತದೆ. ಅವರದಕ್ಕೂ ಹೋಗುತ್ತದೆ.

ಹುಲಿಗೆಮ್ಮನನ್ನು ಗೇಟಿಗೆ ಕರೆಸಿದರು. ಸಂಚಿಯಿಂದ ಭಂಡಾರದ ಅರಿಶಿನ ತೆಗೆದು ಶೆಡ್ಡಿನ ಕಡೆಗೆ ಎರಚಿ, ಬೀರಪ್ಪ ಈ ಕುರಿಯನ್ನು ಬಿಟ್ಟುಕೊಟ್ಟಿದ್ದಾನೆ, ಇದರ ಬದಲಿಗೆ ನನ್ನ ಹಿಂಡಿನಿಂದ ಒಂದು ಒಳ್ಳೆಯ ಮರಿ ಕೊಡುತ್ತೇನೆ, ಅದನ್ನು ಬಿಟ್ಟು ಹರಕೆ ತೀರಿಸಿಕೋ ಎಂದರು. ಧಾರಾಳವಾದ ಮಾತೇ ಅದು. ಜೊತೆಗಿದ್ದವರು ತಲೆದೂಗಿದರು. ಹುಲಿಗೆಮ್ಮ ಕಾಲಿನ ಹೆಬ್ಬೆರಳಿಂದ ಕೆಸರು ಕೆದಕುತ್ತ ನಿಂತಿದ್ದಳು.

"ನಿಮ್ಮ ಮರಿಗೆ ಬ್ಯಾನಿ ಬಂದಿತ್ತೇನ್ ಮಾವ?"

"ಬಂದಿಲ್ಲ. ಗಟ್ಟಿಮುಟ್ಟಾಗೈತಿ."

"ಹಂಗಾದ್ರ ಅದು ಅಲ್ಲ."

"ಲೇ ಹುಲಿಗಿ," ಎಂದರು ಗಾದಿಲಿಂಗಪ್ಪ. ಸ್ವರ ಏರಲಿಲ್ಲ. "ನಾಕೂರ ಕುರಿ ಅದಾವ ಇಲ್ಲಿ. ನಿನ್ನ ಒಂದು ಹರಕಿಗೆ ಅವನ್ನೆಲ್ಲ ಒಡ್ಡತೀಯೇನು?"

"ಒಡ್ಡಂಗಿಲ್ಲ ಮಾವ. ಬೀಳೋದು ನಾನು ನೋಡೀನಿ. ಕೊಲ್ಲಾಕ ಬ್ಯಾಡ ಅನ್ನಂಗಿಲ್ಲ." ಆಮೇಲೆ ತಲೆಯೆತ್ತಿ ನೇರವಾಗಿ ನೋಡಿದಳು. "ಆದ್ರ ಹರಕಿ ತೀರ್ತು ಅಂತ ಹೇಳಬ್ಯಾಡ್ರಿ. ದೇವರು ಬಿಟ್ಟಿರಬಹುದು. ನಾನು ಬಿಟ್ಟಿಲ್ಲ."

ಗಾದಿಲಿಂಗಪ್ಪ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡರು. ಹಟ್ಟಿಯಲ್ಲಿ ಆಮೇಲೆ ಅವಳನ್ನು ಸೊಕ್ಕಿನವಳು ಎಂದು ಆಡಿಕೊಂಡರಂತೆ. ಅಣ್ಣನೂ ಪಾಪಿನಾಯಕನಹಳ್ಳಿಯಿಂದ ಬಂದು, ಪೂಜಾರಿಯೇ ಒಪ್ಪಿದ ಮೇಲೆ ನಿನ್ನದೇನು ಎಂದು ಬೈದು ಹೋದನಂತೆ.

ಕೊಲ್ಲುವ ದಿನ ಮಳೆ ನಿಂತಿತ್ತು. ಹುಲಿಗೆಮ್ಮನಿಗೆ ರಜೆ ಕೊಡುತ್ತೇನೆಂದು ವಿರೂಪಾಕ್ಷ ಹೇಳಿದ್ದ, ಅವಳು ಎಂದಿನ ಹೊತ್ತಿಗೇ ಬಂದಳು. ಬಂದು ತೊಟ್ಟಿ ತೊಳೆದು, ಮೇವು ಹಾಕಿದಳು. ಬೇರೆಯವರು ಹಿಡಿಯಲು ಹೋದರೆ ಕುರಿ ಗೋಡೆಗೆ ಹಾಯುತ್ತಿತ್ತು. ಅವಳೇ ನೆಲದ ಮೇಲೆ ಕುಳಿತು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ವಿರೂಪಾಕ್ಷ ಕೊರಳಿನ ಕೂದಲು ಕತ್ತರಿಸಿ, ನರ ಹುಡುಕಿ, ಸೂಜಿ ಹಾಕಿದ. ಕಂಕಣವನ್ನು ಮೇಲಕ್ಕೆ ಸರಿಸಿದ್ದ, ಬಿಚ್ಚಲು ಹೇಳಿರಲಿಲ್ಲ. ಕುರಿ ಒಮ್ಮೆ ನಿಟ್ಟುಸಿರು ಬಿಟ್ಟು ಭಾರವಾಯಿತು. ಅವನು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿ, ತಲೆಯಾಡಿಸಿದ.

ಆಮೇಲೆ ಅವಳು ಕಂಕಣದ ಗಂಟಿಗೆ ಕೈ ಹಾಕಿದಳು. ತೊಯ್ದು ಒಣಗಿ ಗಂಟು ಬಿಗಿದಿತ್ತು. ಕತ್ತರಿ ಪಕ್ಕದಲ್ಲೇ ಇತ್ತು, ಯಾರೂ ಕೊಡಲಿಲ್ಲ. ಉಗುರಿನಿಂದ ಎಳೆಎಳೆಯಾಗಿ ಬಿಡಿಸಿದಳು. ಕೋಣೆಯಲ್ಲಿದ್ದ ನಾವೆಲ್ಲ ಕಾದೆವು. ಬಿಡಿಸಿ ಎದ್ದು ನಿಂತು, "ಈಗ ಇದು ದೇವರ ಕುರಿ ಅಲ್ರಿ. ಕೊಯ್ರಿ" ಎಂದಳು. ಕಟ್ಟಿದ ಕೈಯೇ ಬಿಚ್ಚಬೇಕು ಎಂಬುದು ಅವರಲ್ಲಿ ಪದ್ಧತಿ. ಬಿಚ್ಚಿದ ಕಂಕಣವನ್ನು ಹರಕೆ ತೀರುವ ತನಕ ಹೊತ್ತವರೇ ಕಟ್ಟಿಕೊಳ್ಳಬೇಕು. ಶೆಡ್ಡಿನ ಒಳಗಿನ ಯಾವ ವಸ್ತುವೂ ಹಾಗೇ ಹೊರಗೆ ಹೋಗುವಂತಿರಲಿಲ್ಲ. ವಿರೂಪಾಕ್ಷ ಅದನ್ನು ಈಸಿಕೊಂಡು ಔಷಧದ ನೀರಿನಲ್ಲಿ ನೆನೆಹಾಕಿದ, ಆಮೇಲೆ ನಲ್ಲಿಯ ಕೆಳಗೆ ಹಿಡಿದು ತೊಳೆದು ವಾಪಸು ಕೊಟ್ಟ. ಅವಳು ಅದನ್ನು ಬಲಗೈ ಮಣಿಕಟ್ಟಿಗೆ ಸುತ್ತಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗಂಟು ಹಾಕಿಕೊಂಡಳು. 'ಕೊರಳಿನ ದಾರವನ್ನು ಕ್ರಿಮಿನಾಶಕದಲ್ಲಿ ಶುದ್ಧಗೊಳಿಸಿ ಹಿಂತಿರುಗಿಸಲಾಯಿತು' ಎಂದು ನನ್ನ ವರದಿಯಲ್ಲಿ ಒಂದು ವಾಕ್ಯ ಇದೆ.

ಅದೇ ವಾರ ಲಸಿಕೆಯಾದ ಕುರಿಗಳ ಸರದಿ ಬಂತು. ಅವು ಮೈ ತುಂಬಿಕೊಂಡಿದ್ದವು, ಬುಟ್ಟಿ ಕಂಡರೆ ಓಡಿ ಬರುತ್ತಿದ್ದವು. ಅವನ್ನು ಒಂದೊಂದಾಗಿ ಹಿಡಿದು ಕೊಟ್ಟವಳೂ ಹುಲಿಗೆಮ್ಮನೇ. ಬ್ಯಾನಿ ಬಂದದ್ದೂ ಹೋಯಿತು, ಬರದದ್ದೂ ಹೋಯಿತು ಎಂದಷ್ಟೇ ಅಂದಳು. ಶೆಡ್ಡಿನ ಹಿಂದಿನ ಗುಂಡಿಗೆ ಸುಣ್ಣ ಸುರಿದು ಮಣ್ಣು ಮುಚ್ಚಿದರು. ಕೆಂಪು ಮಣ್ಣಿನ ಮೇಲೆ ಉಳಿದ ಸುಣ್ಣ ಮರುದಿನದ ಮಳೆಗೆ ಗುಲಾಬಿ ಬಣ್ಣದ ಕೆಸರಾಗಿ ಹರಿಯಿತು. ಫಲಿತಾಂಶ ಚೆನ್ನಾಗಿಯೇ ಬಂತು. ಲಸಿಕೆಯಾದ ಕುರಿಗಳ ಗುಲ್ಮದಲ್ಲಿ ವೈರಸ್ ಸಿಗಲಿಲ್ಲ. ಎದ್ದ ಕುರಿಯಲ್ಲಿ ಸಿಕ್ಕಿತು. ಸಮಿತಿಯ ತೀರ್ಮಾನ ಸರಿಯಾಗಿತ್ತು.

ಆಮೇಲೆ ಬೇರೆ ಊರುಗಳಲ್ಲಿ ಇನ್ನಷ್ಟು ಪರೀಕ್ಷೆಗಳು ನಡೆದವು. ವರ್ಷಗಳು ಹಿಡಿದವು. ಲಸಿಕೆಗೆ ಅನುಮತಿ ಸಿಕ್ಕಿತು, ಚೋರನೂರಿನ ಹಟ್ಟಿಗಳಿಗೂ ಬಂತು. ಗಾದಿಲಿಂಗಪ್ಪನವರೇ ಮುಂದೆ ನಿಂತು ಎಲ್ಲರ ಹಿಂಡಿಗೂ ಹಾಕಿಸಿದರು ಎಂದು ಕೇಳಿದೆ. ವಿರೂಪಾಕ್ಷ ಆ ಕೆಲಸ ಬಿಟ್ಟು ಕಂಪ್ಲಿಗೆ ಹೋಗಿ ಗಿರಣಿ ನೋಡಿಕೊಳ್ಳುತ್ತಿದ್ದಾನೆ. ಕಾರಣ ನಾನು ಕೇಳಿಲ್ಲ.

ಹುಲಿಗೆಮ್ಮನನ್ನು ಆಮೇಲೆ ನಾನು ನೋಡಿದ್ದು ಒಂದೇ ಸಲ. ಬಸ್ ಅಪಘಾತವೊಂದರ ಸುದ್ದಿಗೆ ಯಶವಂತನಗರಕ್ಕೆ ಹೋಗಿದ್ದೆ. ಗಣಿ ಕಂಪನಿಯ ಕ್ಯಾಂಟೀನಿನ ಹಿಂದೆ ಪಾತ್ರೆ ತೊಳೆಯುತ್ತ ಕುಳಿತಿದ್ದವಳು ನನ್ನನ್ನು ಗುರುತಿಸಿ, "ಬರ್ರಿ ಪೇಪರ್ ಸಾಹೇಬ್ರ, ಕುಂದ್ರಿ" ಎಂದು ಒದ್ದೆ ಕೈಯಲ್ಲೇ ಒಂದು ಸ್ಟೂಲು ಸರಿಸಿದಳು. ಗಂಡನ ಜೊತೆ ಇಲ್ಲೇ ಇದ್ದೇನೆ, ಹಟ್ಟಿಯ ಮನೆಗೆ ಬೀಗ ಹಾಕಿದೆ ಎಂದಳು. ಅಣ್ಣ ಕಾದು ಕಾದು ಮರಿಗಳನ್ನು ಮಾರಿದನಂತೆ. ಮಣಿಕಟ್ಟಿನ ಕಂಕಣ ಸೋಪಿನ ನೀರಿಗೆ ಬಣ್ಣಗೆಟ್ಟು, ಹಗ್ಗದ ತುಂಡಿನ ಹಾಗಾಗಿತ್ತು. ನಾನು ನೋಡಿದ್ದನ್ನು ನೋಡಿ ಕೈ ಒಳಗೆಳೆದುಕೊಳ್ಳಲಿಲ್ಲ.

ಊರ ಕಡೆ ಕುರಿಗಳು ಹೇಗಿವೆ ಎಂದು ಕೇಳಿದೆ. ಲಸಿಕೆ ಬಂದ ಮೇಲೆ ಬಾಯಿ ಬ್ಯಾನಿ ಕಾಣಿಸಿಕೊಂಡಿಲ್ಲ, ಎಲ್ಲರ ಹಿಂಡೂ ದೊಡ್ಡದಾಗಿದೆ, ಭಾಳ ಚಲೋ ಆಯಿತು ಎಂದಳು. ಮನಸಾರೆ ಹೇಳಿದ ಮಾತು, ಅದರಲ್ಲಿ ನನಗೆ ಅನುಮಾನವಿಲ್ಲ. ಹರಕೆಯ ಮಾತನ್ನು ನಾನಾಗಿ ಎತ್ತಲಿಲ್ಲ. ಅವಳೇ ತಟ್ಟೆಯೊಂದನ್ನು ಬೂದಿ ಹಾಕಿ ತಿಕ್ಕುತ್ತ, ಇನ್ನೂ ನೋಡುತ್ತಿದ್ದೇನೆ ಎಂದಳು. ಕಡೂರಿನ ತನಕ ಮೇಯಿಸಿಕೊಂಡು ಹೋಗುವ ಕುರಿಯವರು ಸಿಕ್ಕಾಗಲೆಲ್ಲ ಕೇಳಿದ್ದಾಳಂತೆ. ಬ್ಯಾನಿಯಿಂದ ಎದ್ದ ಕುರಿ ಯಾರ ಹತ್ತಿರವೂ ಇಲ್ಲವಂತೆ.

"ಈಗ ಯಾವ ಕುರಿನೂ ಬೀಳಂಗಿಲ್ರಿ," ಎಂದಳು. "ಬೀಳದಿದ್ದದ್ದು ಹೆಂಗ ಏಳ್ತೈತಿ?"